ಎಂಟು ದೀಪದ ಕೇಬಲ್ ಟೆಸ್ಟರ್: ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ

ಕಲಬುರಗಿಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳನ್ನು ದಾಟಿ ವೈಫೈ ಒಂದು ಕೋಣೆಯಿಂದ ಮತ್ತೊಂದಕ್ಕೆ ಸರಿಯಾಗಿ ಬರುವುದಿಲ್ಲ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ನಮ್ಮಂಥವರು ರೂಟರಿನಿಂದ ಕಂಪ್ಯೂಟರಿನವರೆಗೆ ಲ್ಯಾನ್ ಕೇಬಲ್ ಎಳೆಸಿಕೊಂಡಿರುವುದು ಇದೇ ಕಾರಣಕ್ಕೆ. ಆ ಕೇಬಲ್ ಸಂಪರ್ಕವೂ ಮೇಲಿಂದ ಮೇಲೆ ಕಡಿದುಹೋಗತೊಡಗಿದಾಗ ದೋಷವನ್ನು ಹುಡುಕಲು ನಾನು ಕೊಂಡ ಉಪಕರಣ, ಕೆಲವು ನೂರು ರೂಪಾಯಿಗೆ ಸಿಗುವ ಎಂಟು ದೀಪದ ಕೇಬಲ್ ಟೆಸ್ಟರ್.

ಇದರಲ್ಲಿ ಎರಡು ಭಾಗಗಳಿರುತ್ತವೆ. 9 ವೋಲ್ಟ್ ಬ್ಯಾಟರಿ ಇರುವ ದೊಡ್ಡ ಭಾಗಕ್ಕೆ ಕೇಬಲಿನ ಒಂದು ತುದಿಯನ್ನೂ ಚಿಕ್ಕ ಭಾಗಕ್ಕೆ ಇನ್ನೊಂದು ತುದಿಯನ್ನೂ ಸಿಕ್ಕಿಸಿದರೆ, ಒಳಗಿನ ಎಂಟು ತಂತಿಗಳಿಗೆ ಸೇರಿದ ದೀಪಗಳು ಎರಡೂ ಕಡೆ 1ರಿಂದ 8ರವರೆಗೆ ಸರದಿಯಂತೆ ಬೆಳಗುತ್ತವೆ. ತಂತಿ ತುಂಡಾಗಿದ್ದರೆ ಅದರ ದೀಪ ಬೆಳಗುವುದಿಲ್ಲ. ಕೇಬಲಿನ ತುದಿಯ ಜ್ಯಾಕಿನಲ್ಲಿ (ಸಿಕ್ಕಿಸುವ ಪ್ಲಾಸ್ಟಿಕ್ ಮೂತಿಯಲ್ಲಿ) ತಂತಿಗಳು ಅದಲುಬದಲಾಗಿದ್ದರೆ ಚಿಕ್ಕ ಭಾಗದಲ್ಲಿ ಸರದಿ ತಪ್ಪುತ್ತದೆ. ಪರೀಕ್ಷಿಸುವ ಮೊದಲು ಕೇಬಲನ್ನು ರೂಟರಿನಿಂದಲೂ ಕಂಪ್ಯೂಟರಿನಿಂದಲೂ ಬಿಚ್ಚಿರಬೇಕು.

ಟೆಸ್ಟರನ್ನು ಕೈಗೆತ್ತಿಕೊಳ್ಳುವ ಮೊದಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ನಮಗೆ ಇಂಟರ್ನೆಟ್ ಕೊಟ್ಟವರ ಕಡೆಯಿಂದ ಬಂದ ಹುಡುಗ, “ನಮ್ಮ ಕಡಿಂದ ಲೈನ್ ಬರೋಬ್ಬರಿ ಅದ ರೀ ಸರ, ನಿಮ್ಮ ಮನ್ಯಾಗಿನ ವೈರೇ ನೋಡಸ್ರಿ” ಎಂದು ಹೇಳಿ ಹೋಗಿದ್ದ. ಇಂಥ ಮಾತು ನಿಜವೋ ಅಲ್ಲವೋ ಎಂಬುದನ್ನು ಪಿಂಗ್ ಆದೇಶವೇ ತೀರ್ಮಾನಿಸುತ್ತದೆ; ಅದು ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಆದೇಶ ಬರೆಯುವ ಒಂದು ಕಿಟಕಿಯಲ್ಲಿ ರೂಟರಿನ ವಿಳಾಸಕ್ಕೆ (ಬಹಳಷ್ಟು ಮನೆಗಳಲ್ಲಿ ಅದು 192.168.1.1), ಇನ್ನೊಂದರಲ್ಲಿ 8.8.8.8ರಂಥ ಹೊರಗಿನ ವಿಳಾಸಕ್ಕೆ ನಿರಂತರವಾಗಿ ಪಿಂಗ್ ಕಳುಹಿಸುತ್ತಿರಬೇಕು. ರೂಟರಿನಿಂದ ಉತ್ತರ ತಪ್ಪದೆ ಬರುತ್ತಿದ್ದು ಹೊರಗಿನದು ಮಾತ್ರ ನಿಂತರೆ ದೋಷ ರೂಟರಿನಿಂದ ಆಚೆಗೆ ಇದೆ ಎಂದು ತಿಳಿಯಬಹುದು. ಆಚೆಗಿನ ಲೈನು ಗಾಜಿನ ಎಳೆಯ ಫೈಬರ್ ಆಗಿದ್ದರೆ ಅಲ್ಲಿ ಈ ಟೆಸ್ಟರಿನಿಂದ ಪ್ರಯೋಜನವಿಲ್ಲ. ನಮ್ಮಲ್ಲಿ ರೂಟರಿನ ಉತ್ತರವೇ ನಿಲ್ಲುತ್ತಿತ್ತು, ಅಂದರೆ ಆ ಹುಡುಗ ಹೇಳಿದ್ದು ಸರಿಯಾಗಿತ್ತು.

ಕೇಬಲ್ ಅಲುಗಾಡದೆ ಬಿದ್ದಿರುವಾಗ ಎಂಟೂ ದೀಪಗಳು ಬೆಳಗಿದವು. ಟೆಸ್ಟರಿನ ಸ್ವಿಚ್ಚನ್ನು ದೀಪಗಳು ನಿಧಾನವಾಗಿ ಬೆಳಗುವ ಸ್ಥಾನದಲ್ಲಿಟ್ಟು, ಮನೆಯವರೊಬ್ಬರಿಗೆ ದೀಪಗಳನ್ನು ನೋಡುತ್ತಿರಲು ಹೇಳಿ, ಕೇಬಲನ್ನು ಅದು ಹಾದುಹೋಗುವ ದಾರಿಯುದ್ದಕ್ಕೂ ಮೆಲ್ಲಗೆ ಬಾಗಿಸುತ್ತ ಹೋದಾಗ, ಬಾಗಿಲಿನ ಚೌಕಟ್ಟಿನ ಬಳಿ 7ನೆಯ ದೀಪ ಆರಿತು. ಪ್ರತಿ ಸಲ ಬಾಗಿಲು ಹಾಕಿದಾಗಲೂ ಅಲ್ಲಿ ಕೇಬಲ್ ನಜ್ಜುತ್ತಿತ್ತು. ಎಂಟು ತಂತಿಗಳು ನಾಲ್ಕು ಜೋಡಿಗಳಾಗಿರುತ್ತವೆ; 7 ಮತ್ತು 8 ಕಂದು ಬಣ್ಣದ ಜೋಡಿ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗಕ್ಕೆ 1, 2, 3 ಮತ್ತು 6ನೆಯ ತಂತಿಗಳಷ್ಟೇ ಸಾಕು, 1000ಕ್ಕೆ ನಾಲ್ಕೂ ಜೋಡಿಗಳು ಬೇಕು. ಹೀಗಾಗಿ ಈ ಒಂದು ತಂತಿ ಬಿಟ್ಟಾಗಲೆಲ್ಲ ಸಂಪರ್ಕ ಕಡಿದು, ಮರಳಿ ಕೂಡಿಕೊಂಡು, ಕೆಲವೊಮ್ಮೆ 100ರಲ್ಲೇ ನಿಲ್ಲುತ್ತಿತ್ತು. ಇಂಥ ದೋಷವನ್ನು ಕಣ್ಣಿನಿಂದ ಕಂಡುಹಿಡಿಯುವುದು ಅಸಾಧ್ಯವೇ ಸರಿ, ಮತ್ತು ಈ ಒಂದು ಕೆಲಸಕ್ಕಾಗಿಯೇ ಉಪಕರಣವನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಎಂಟು ದೀಪ ಬೆಳಗಿದ ಮಾತ್ರಕ್ಕೆ ಕೇಬಲ್ ಚೆನ್ನಾಗಿದೆ ಎಂದು ನಂಬಬಾರದು. ಕೇಬಲಿನೊಳಗೆ ತಂತಿಗಳನ್ನು ಎರಡೆರಡಾಗಿ ಹೊಸೆದಿರುವುದು ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಅಡ್ಡಿಯಾಗದಿರಲೆಂದು. ಜ್ಯಾಕಿನಲ್ಲಿ 3 ಮತ್ತು 6ನೆಯ ಸ್ಥಾನಗಳಿಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ಇದನ್ನು ಅರಿಯದವರು ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿಟ್ಟು, ಎರಡೂ ತುದಿಗಳಲ್ಲಿ ಅದೇ ಸಾಲಿನಂತೆ ಜ್ಯಾಕ್ ಒತ್ತಿಬಿಡುತ್ತಾರೆ. ಆಗ ಟೆಸ್ಟರಿನ ದೀಪಗಳು ಸರದಿ ತಪ್ಪದೆ ಬೆಳಗುತ್ತವೆ, ಇಂಟರ್ನೆಟ್ ಮಾತ್ರ ನೆಟ್ಟಗೆ ನಡೆಯುವುದಿಲ್ಲ. ಪಾರದರ್ಶಕ ಜ್ಯಾಕಿನೊಳಗೆ ಬಣ್ಣಗಳನ್ನು ನೋಡಿಯೇ ಇದನ್ನು ಗುರುತಿಸಬೇಕು. ಸಾಮಾನ್ಯವಾಗಿ ಬಳಸುವ ಸರಿಯಾದ ಸಾಲು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ತಂತಿಯ ಲೋಹ ಯಾವುದೆಂಬುದನ್ನೂ ಈ ಟೆಸ್ಟರ್ ಹೇಳಲಾರದು. ಅಗ್ಗದ ಕೇಬಲುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪನವಷ್ಟೇ ಇರುತ್ತದೆ. ಅದರ ರೋಧ ಶುದ್ಧ ತಾಮ್ರಕ್ಕಿಂತ ಬಹಳ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ, ಜ್ಯಾಕಿನ ಹಿಡಿತದಲ್ಲಿ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಬಿಸಿ ಏರಿದಂತೆ ಯಾವುದೇ ಕೇಬಲಿನಲ್ಲಿ ಸಂಕೇತ ಇನ್ನಷ್ಟು ಕುಂದುವುದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಮಾಳಿಗೆಯ ಮೇಲೆ ಒಳಾಂಗಣದ ಕೇಬಲ್ ಎಳೆಯುವುದು ಎಳ್ಳಷ್ಟೂ ಸರಿಯಲ್ಲ. ಬಿಸಿಲು ತಡೆಯುವ ಹೊದಿಕೆಯ ಹೊರಾಂಗಣ ಕೇಬಲನ್ನೇ ಕೇಳಿ ತರಬೇಕು.

ಟೆಸ್ಟರಿನ ತಯಾರಿಕೆಯಲ್ಲಿ ಕೊರತೆಗಳಿವೆ. ಬ್ಯಾಟರಿ ಮುಚ್ಚಳ ಸಡಿಲವಾಗಿದೆ, ಸ್ವಿಚ್ ಆರಿಸಲು ಮರೆತರೆ ಬ್ಯಾಟರಿ ಬರಿದಾಗುತ್ತದೆ, ‘ಜಿ’ ಅಕ್ಷರದ ಒಂಬತ್ತನೆಯ ದೀಪ ಲೋಹಕವಚವಿರುವ ಕೇಬಲಿಗೆ ಮಾತ್ರ ಸಂಬಂಧಿಸಿದ್ದೆಂಬುದನ್ನು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿಲ್ಲ. ಆದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ನಮ್ಮ ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಹೊಸ ಕೇಬಲ್ ಕೊಳ್ಳುವವರು ಅಂಗಡಿಯವರು ಟೆಸ್ಟರಿಗೆ ಹಾಕಿ ತೋರಿಸಿದಷ್ಟಕ್ಕೇ ಸುಮ್ಮನಾಗದೆ, ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ತೋರಿಸುವಂತೆ ಕೇಳಬೇಕು; ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ, ಅದನ್ನು ಅಲ್ಲಿಯೇ ಬಿಟ್ಟು ಬರಬೇಕು.