ಕರಡು ತಿದ್ದುವವನ ಚೀಲದಲ್ಲಿ ಎರಡು ಇ-ಇಂಕ್ ಟ್ಯಾಬ್ಲೆಟ್‌ಗಳು

ಪುಸ್ತಕಗಳ ಕರಡು ತಿದ್ದುವುದು ನನ್ನ ಉದ್ಯೋಗ. ವಾರದಲ್ಲಿ ನಾಲ್ಕು ದಿನ ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವುದರಿಂದ ಆ ಕೆಲಸದ ಅರ್ಧ ಭಾಗ ರೈಲಿನಲ್ಲಿಯೇ ನಡೆಯುತ್ತದೆ. ಮೊದಲೆಲ್ಲ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವರು ಎ4 ಹಾಳೆಯಲ್ಲಿ ಮುದ್ರಿಸಿಕೊಟ್ಟ ಪುಟಗಳನ್ನು ರಟ್ಟಿಗೆ ಕ್ಲಿಪ್ಪು ಹಾಕಿ ತೊಡೆಯ ಮೇಲಿಟ್ಟುಕೊಂಡು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದೆ. ಕಿಟಕಿಯ ಗಾಳಿಗೆ ಹಾಳೆಗಳು ಹೆದರುತ್ತಿದ್ದವು, ಹಾಳೆಗಳಿಗಾಗಿ ನಾನು ಹೆದರುತ್ತಿದ್ದೆ. ಕಳೆದ ಒಂದೂವರೆ ವರ್ಷದಿಂದ ಆ ಕಟ್ಟಿನ ಜಾಗದಲ್ಲಿ ಎರಡು ಇ-ಇಂಕ್ ಟ್ಯಾಬ್ಲೆಟ್‌ಗಳಿವೆ, ಅಂದರೆ ಕಾಗದದಂತೆ ಕಾಣುವ ಪರದೆಯ ಮೇಲೆ ಪೆನ್ನಿನಿಂದ ಬರೆಯಬಹುದಾದ ಯಂತ್ರಗಳು. ಒಂದು ನಾರ್ವೆಯ ಕಂಪನಿಯದಾದ ರಿಮಾರ್ಕಬಲ್ 2, ಇನ್ನೊಂದು ಚೀನಾದ ಸೂಪರ್‌ನೋಟ್ ನೋಮ್ಯಾಡ್.

ಈ ಎರಡರ ಪರದೆಯಲ್ಲೂ ಇರುವುದು ಒಂದೇ ಸಂಖ್ಯೆಯ ಚುಕ್ಕೆಗಳು: ಅಡ್ಡಕ್ಕೆ 1404, ಉದ್ದಕ್ಕೆ 1872. ಅಷ್ಟೇ ಚುಕ್ಕೆಗಳನ್ನು ರಿಮಾರ್ಕಬಲ್ 10.3 ಇಂಚಿನ ಪರದೆಯಲ್ಲಿ ಹರಡಿದೆ, ನೋಮ್ಯಾಡ್ 7.8 ಇಂಚಿನಲ್ಲಿ ಅಡಕಿದೆ. ಹೀಗಾಗಿ ಒಂದರಲ್ಲಿ ಇಂಚಿಗೆ 226 ಚುಕ್ಕೆಗಳು, ಮತ್ತೊಂದರಲ್ಲಿ 300. ಅಂಕಿಗಳನ್ನು ಮಾತ್ರ ನೋಡಿದರೆ ಚಿಕ್ಕದೇ ಮೇಲು. ಅಕ್ಷರದ ಅಂಚು ಅದರಲ್ಲಿ ನಿಜಕ್ಕೂ ಹೆಚ್ಚು ಚೊಕ್ಕಟವಾಗಿ ಕಾಣುತ್ತದೆ. ಆದರೆ ಕರಡು ತಿದ್ದುವವನಿಗೆ ಬೇಕಾದದ್ದು ಅಂಚಿನ ಚೊಕ್ಕಟತನಕ್ಕಿಂತ ಹೆಚ್ಚಾಗಿ ಅಕ್ಷರದ ಅಳತೆ ಎಂಬುದು ನನಗೆ ಮೊದಲ ವಾರದಲ್ಲಿಯೇ ಅರಿವಾಯಿತು.

ಕನ್ನಡದ ಬಹುಪಾಲು ಕಥೆ, ಕಾದಂಬರಿಗಳು ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ, ಅಂದರೆ ಹೆಚ್ಚುಕಡಿಮೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಟದಲ್ಲಿ. ರಿಮಾರ್ಕಬಲ್‌ನ ಪರದೆಯ ಎತ್ತರ ಎಂಟೂಕಾಲು ಇಂಚಿನಷ್ಟಿರುವುದರಿಂದ ಡೆಮಿ ಪುಟದ ಪಿಡಿಎಫ್ ಅದರಲ್ಲಿ ಹೆಚ್ಚುಕಡಿಮೆ ಅಚ್ಚಿನಲ್ಲಿ ಬರುವ ಗಾತ್ರದಲ್ಲಿಯೇ ಬಂದು ಕೂರುತ್ತದೆ, ಓದುಗನ ಕಣ್ಣಿಗೆ ನಾಳೆ ಕಾಣುವುದನ್ನು ನಾನು ಇಂದೇ ಕಾಣುತ್ತೇನೆ. ಅದೇ ಪುಟ ನೋಮ್ಯಾಡ್‌ನಲ್ಲಿ ಮುಕ್ಕಾಲು ಪಾಲಿಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 9 ಪಾಯಿಂಟಿನದಾಗುತ್ತದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ. ಪರದೆ ಆ ಸೀಳನ್ನು ಸ್ಪಷ್ಟವಾಗಿಯೇ ತೋರಿಸುತ್ತದೆ, ಐವತ್ತು ದಾಟಿದ ನನ್ನ ಕಣ್ಣು ಅದನ್ನು ದಾಟಿಕೊಂಡು ಹೋಗುತ್ತದೆ. ಹಿಗ್ಗಿಸಿ ನೋಡಬಹುದು, ನಿಜ. ಆದರೆ ಪ್ರತಿ ಪುಟವನ್ನೂ ಹಿಗ್ಗಿಸಿ, ಸರಿಸಿ, ಮತ್ತೆ ಕುಗ್ಗಿಸುತ್ತ ಹೋದರೆ ಒಟ್ಟಿಗೆ ಅಚ್ಚಾಗುವ ಒಂದು ಫಾರಂನ 16 ಪುಟ ಮುಗಿಯುವಷ್ಟರಲ್ಲಿ ಕೆಂಗೇರಿ ಬಂದಿರುತ್ತದೆ.

ತಿದ್ದುಪಡಿಯ ಬಣ್ಣದ ವಿಚಾರವೂ ಇಲ್ಲಿಯೇ ಹೇಳಬೇಕಾದದ್ದು. ರಿಮಾರ್ಕಬಲ್ 2 ಕಪ್ಪುಬಿಳುಪಿನ ಪರದೆಯದಾದರೂ ಅದರಲ್ಲಿ ಕೆಂಪು ಶಾಯಿಯನ್ನು ಆರಿಸಿಕೊಂಡು ಬರೆದರೆ ಪರದೆಯ ಮೇಲೆ ಬೂದಿಬಣ್ಣದಲ್ಲಿ ಕಂಡದ್ದು ಪಿಡಿಎಫ್ ಆಗಿ ಹೊರಬಂದಾಗ ಕೆಂಪಾಗಿರುತ್ತದೆ. ಇದು ಗೊತ್ತಾಗುವ ಮುನ್ನ ನಾನು ಇಡೀ ಒಂದು ಅಧ್ಯಾಯವನ್ನು ಕಪ್ಪು ಶಾಯಿಯಲ್ಲಿ ತಿದ್ದಿ ಕಳುಹಿಸಿ, ಅಚ್ಚಿನ ಕಪ್ಪಿನ ನಡುವೆ ನನ್ನ ಕಪ್ಪನ್ನು ಹುಡುಕಲಾರದೆ ಬೇಸತ್ತ ಡಿಟಿಪಿಯ ಹುಡುಗಿಯಿಂದ “ಸರ್, ಇದರಲ್ಲಿ ತಪ್ಪೇ ಇಲ್ಲವಲ್ಲ” ಎನ್ನಿಸಿಕೊಂಡೆ.

ಬರವಣಿಗೆಯ ಅನುಭವದಲ್ಲಿ ಮಾತ್ರ ಇಬ್ಬರೂ ಸಮಬಲರು, ಆದರೆ ಸ್ವಭಾವ ಬೇರೆ. ಎರಡರ ಪೆನ್ನುಗಳಲ್ಲೂ ಬ್ಯಾಟರಿಯಿಲ್ಲ. ಪರದೆಯ ಅಡಿಯ ವಿದ್ಯುತ್ಕಾಂತೀಯ ಪದರದಿಂದಲೇ ಅವು ಶಕ್ತಿ ಪಡೆಯುತ್ತವೆ. ರಿಮಾರ್ಕಬಲ್‌ನ ಪರದೆ ತರಿತರಿಯಾಗಿದೆ, ಅದರ ಮೇಲೆ ಪೆನ್ನು ಸರಸರ ಸದ್ದು ಮಾಡುತ್ತ ಓಡುವಾಗ ಒರಟು ಕಾಗದದ ಮೇಲೆ ಪೆನ್ಸಿಲ್ ಓಡಿಸಿದಂತಿರುತ್ತದೆ, ಮತ್ತು ಪೆನ್ಸಿಲ್ಲಿನಂತೆಯೇ ಅದರ ನಿಬ್ಬು ಸವೆಯುತ್ತದೆ. ನೋಮ್ಯಾಡ್‌ನ ನಿಬ್ಬು ಪಿಂಗಾಣಿಯದು, ಸವೆಯುವುದಿಲ್ಲ. ಪರದೆಗೆ ಅಂಟಿಸಿರುವ ಮೆತ್ತನೆಯ ಪೊರೆಯೊಳಗೆ ಅದು ಕೂದಲೆಳೆಯಷ್ಟು ಇಳಿಯುವುದರಿಂದ ದಪ್ಪ ನೋಟುಪುಸ್ತಕದ ಮೇಲೆ ಜೆಲ್ ಪೆನ್ನಿನಿಂದ ಬರೆದ ಹಿತವಿದೆ. ಕೈಯ ಸುಖ ಮಾತ್ರವೇ ಪ್ರಶ್ನೆಯಾದರೆ ನನ್ನ ಮತ ಪಿಂಗಾಣಿಗೆ.

ಹಾಗಿದ್ದರೂ ಚಿಕ್ಕ ಪರದೆಯಲ್ಲಿ ಕನ್ನಡ ಬರೆಯುವಾಗ ಇಂಗ್ಲಿಷ್ ಬರೆಯುವವರಿಗೆ ಇಲ್ಲದ ಒಂದು ತೊಡಕಿದೆ. ನಮ್ಮ ಅಕ್ಷರಗಳು ಗೆರೆಯ ಕೆಳಗೂ ಸಂಸಾರ ಹೂಡುತ್ತವೆ. ‘ರಾಷ್ಟ್ರ’ ಎಂದು ಬರೆದರೆ ‘ಷ’ಕಾರದ ಕೆಳಗೆ ‘ಟ’ಕಾರದ ಒತ್ತು, ಅದರ ಪಕ್ಕದಲ್ಲಿ ‘ರ’ಕಾರದ ಒತ್ತು ಇಳಿಯಬೇಕು, ಮುಂದಿನ ಸಾಲಿನಲ್ಲಿ ಅದೇ ಜಾಗಕ್ಕೆ ತಲೆಕಟ್ಟೋ ಗುಡಿಸೋ ಬಂದರೆ ಎರಡೂ ಮುಖಾಮುಖಿಯಾಗಿ ಡಿಕ್ಕಿ ಹೊಡೆಯುತ್ತವೆ. ನೋಮ್ಯಾಡ್‌ನಲ್ಲಿ ನಾನು ಈಗ ಗೆರೆಯಿಲ್ಲದ ಪುಟವನ್ನೇ ಬಳಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು, ಪುಟಕ್ಕೆ ಹನ್ನೆರಡು ಸಾಲಿಗೆ ನಿಲ್ಲಿಸುತ್ತೇನೆ.

ಇಷ್ಟಾದರೂ ಅದನ್ನು ಚೀಲದಿಂದ ತೆಗೆದುಹಾಕಿಲ್ಲ. ರಿಮಾರ್ಕಬಲ್ ದಪ್ಪದಲ್ಲಿ 4.7 ಮಿಲಿಮೀಟರ್ ಮಾತ್ರವಿದ್ದು ತೂಕ 400 ಗ್ರಾಂ ಆಸುಪಾಸಿನದಾದರೂ ಅದಕ್ಕೆ ಕೂರಲು ಜಾಗ ಬೇಕು, ಎರಡು ಮೊಣಕಾಲುಗಳ ಸಹಕಾರ ಬೇಕು. ಸಂಜೆಯ ರೈಲಿನಲ್ಲಿ ರಾಮನಗರದವರೆಗೆ ನಿಂತೇ ಬರುವ ದಿನಗಳಲ್ಲಿ ಎಡ ಅಂಗೈಯ ಮೇಲೆ ನಿಲ್ಲುವುದು ನೋಮ್ಯಾಡ್ ಮಾತ್ರ. ನಿಂತುಕೊಂಡು ಕರಡು ತಿದ್ದಲಾಗುವುದಿಲ್ಲ, ಆದರೆ ಸಂದೇಹಗಳ ಪಟ್ಟಿ ಬರೆಯಬಹುದು: ಲೇಖಕರು ಒಂದು ಕಡೆ ‘ಶುಶ್ರೂಷೆ’ ಎಂದೂ ಇನ್ನೊಂದು ಕಡೆ ‘ಶುಶೃಷೆ’ ಎಂದೂ ಬರೆದಿದ್ದಾರೆ, ‘ಕೋಟ್ಯಾಂತರ’ವನ್ನು ‘ಕೋಟ್ಯಂತರ’ ಮಾಡಬೇಕು, ಇಂಥವು. ಲೇಖಕರನ್ನೇ ಕೇಳಬೇಕಾದ ಪ್ರಶ್ನೆಯ ಪಕ್ಕದಲ್ಲಿ ಐದು ಮೂಲೆಯ ನಕ್ಷತ್ರವೊಂದನ್ನು ಕೈಯಿಂದ ಬರೆದರೆ ಸಾಕು, ಯಂತ್ರ ಅದನ್ನು ನಕ್ಷತ್ರವೆಂದು ಗುರುತಿಸಿ, ಆಮೇಲೆ ನಕ್ಷತ್ರವಿರುವ ಪುಟಗಳನ್ನೆಲ್ಲ ಒಟ್ಟಿಗೆ ಹುಡುಕಿಕೊಡುತ್ತದೆ. ಅಲುಗಾಡುವ ರೈಲಿನಲ್ಲಿ ನಾನು ಬರೆಯುವ ನಕ್ಷತ್ರ ಒಮ್ಮೊಮ್ಮೆ ಸತ್ತ ಜೇಡದಂತಿರುತ್ತದೆ. ಆಗ ಇನ್ನೊಂದು ಬರೆಯುತ್ತೇನೆ.

ಮದ್ದೂರಿನಲ್ಲಿ ವಡೆ ಕೊಂಡು ತಿಂದ ಕೈಯನ್ನು ದೊಡ್ಡ ಪರದೆಯ ಮೇಲೆ ಇಟ್ಟ ತಪ್ಪು ನನ್ನದೇ. ಎಣ್ಣೆಯ ಕಲೆಯ ಮೇಲೂ ಪೆನ್ನು ಗೆರೆ ಮೂಡಿಸುತ್ತದೆ, ಆದರೆ ಆ ತರಿ ಅಷ್ಟು ಜಾಗದಲ್ಲಿ ಮಾಯವಾಗಿ ಒತ್ತಕ್ಷರಗಳು ಜಾರಿಬೀಳುತ್ತವೆ. ಒದ್ದೆ ಕರವಸ್ತ್ರದಿಂದ ಒರೆಸಿದರೆ ಸರಿಹೋಗುತ್ತದೆ.

ಎರಡಕ್ಕೂ ಸ್ವಂತ ಬೆಳಕಿಲ್ಲ. ಹಗಲಿನಲ್ಲಿ, ಕಿಟಕಿಯ ಬಿಸಿಲು ನೇರವಾಗಿ ಬಿದ್ದಷ್ಟೂ ಅಕ್ಷರ ಕಪ್ಪಾಗಿ ಕಾಣುವ ಈ ಪರದೆಗಳು ರಾತ್ರಿ ವಿದ್ಯುತ್ ಹೋದಾಗ ಕಾಗದದಷ್ಟೇ ನಿರುಪಯೋಗಿ. ಅಕ್ಕನ ಮಗನಿಂದ ಒಂದು ತಿಂಗಳ ಮಟ್ಟಿಗೆ ಕಿಂಡಲ್ ಸ್ಕ್ರೈಬ್ ತಂದು ನೋಡಿದ್ದು ಈ ಕಾರಣಕ್ಕೇ: 10.2 ಇಂಚು, 300 ಚುಕ್ಕೆ, ಮೇಲಾಗಿ ಬೆಳಕು. ಓದುವುದಕ್ಕೆ ಮೂರರಲ್ಲಿ ಅದೇ ಉತ್ತಮ. ಬರೆಯುವಾಗ ಪರದೆಯ ಮೇಲೆ ಕೈ ಸ್ವಲ್ಪ ಜಾರಿದಂತೆ ನನಗೆ ಅನ್ನಿಸಿತು; ಇದು ತರಿಗೆ ಒಗ್ಗಿದ ಕೈಯ ದೂರೂ ಇರಬಹುದು.

ಕಡತ ಸಾಗಿಸುವ ವಿಷಯದಲ್ಲಿ ನೋಮ್ಯಾಡ್ ಸರಳ, ಅದರಲ್ಲಿ ಮೆಮೊರಿ ಕಾರ್ಡಿಗೆ ಜಾಗವಿದೆ. ರಿಮಾರ್ಕಬಲ್‌ನ ಪೂರ್ಣ ಸೌಲಭ್ಯಕ್ಕೆ ತಿಂಗಳ ಚಂದಾ ಕಟ್ಟಬೇಕು. ನಾನು ಕಟ್ಟದೆ, ಕೇಬಲ್ ಹಾಕಿ ಕಂಪ್ಯೂಟರಿನ ಬ್ರೌಸರ್ ಮೂಲಕವೇ ಪಿಡಿಎಫ್‌ಗಳನ್ನು ಹಾಕಿ ತೆಗೆಯುತ್ತೇನೆ.

ಒಂದನ್ನು ಮಾರಿಬಿಡಿ ಎಂದು ಮನೆಯಲ್ಲಿ ಎರಡು ಬಾರಿ ಹೇಳಿದ್ದಾರೆ. ಮಾರಬೇಕಾಗಿ ಬಂದರೆ ನೋಮ್ಯಾಡ್ ಹೋಗುತ್ತದೆ, ಏಕೆಂದರೆ ಪುಟಕ್ಕಿಷ್ಟು ಎಂದು ಹಣ ತರುವುದು ದೊಡ್ಡದು. ಸಂದೇಹಗಳ ಪಟ್ಟಿಯನ್ನು ಹಳೆಯ ಡೈರಿಯಲ್ಲಿಯೂ ಬರೆಯಬಹುದು, ನಕ್ಷತ್ರಗಳನ್ನು ಮಾತ್ರ ಆಗ ನಾನೇ ಹುಡುಕಬೇಕಾಗುತ್ತದೆ.