ನಾಯಿಯ ಜೀವಕ್ಕೆ ಒಂದು ಸಹಿ: ಚೇಂಜ್ ಡಾಟ್ ಆರ್ಗ್ ಎಷ್ಟು ಕೆಲಸಕ್ಕೆ ಬರುತ್ತದೆ?

ನಾಯಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿದ್ದರೆ ನಿಮಗೂ ಇಂಥ ಲಿಂಕ್ ಬಂದೇ ಇರುತ್ತದೆ. ಯಾವುದೋ ದೇಶ, ಯಾವುದೋ ಊರು. ಕಂಬಿಯ ಹಿಂದೆ ಕೂತ ಒಂದು ಸಾಕುನಾಯಿ. ಅದಕ್ಕೆ ಇಂಜೆಕ್ಷನ್ ಕೊಟ್ಟು ಸಾಯಿಸಲು ಆದೇಶ ಆಗಿದೆ, ಬೇಗ ಸಹಿ ಹಾಕಿ ಎಂಬ ಬೇಡಿಕೆ. ನಾನು ಹಾಕುತ್ತೇನೆ. 2014ರಿಂದ ಹಾಕುತ್ತಾ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಚೇಂಜ್ ಡಾಟ್ ಆರ್ಗ್ ಎಂಬ, ಯಾರು ಬೇಕಾದರೂ ಮನವಿ ಹಾಕಿ ಸಹಿ ಸೇರಿಸಬಹುದಾದ ಜಾಲತಾಣದಲ್ಲೇ ಇದ್ದವು. ಮೈಸೂರಲ್ಲಿ ಕೂತು ಒಂದು ಬಟನ್ ಒತ್ತಿದರೆ ಅಲ್ಲೆಲ್ಲೋ ಇರುವ ನಾಯಿ ಉಳಿಯುತ್ತದಾ ಅಂತ ನಮ್ಮ ಗುಂಪಿನಲ್ಲಿ ಆಗಾಗ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಕ ಹೇಳಿಬಿಡುತ್ತೇನೆ. ಜನ ಸೇರಿಸುವುದಕ್ಕೆ ಐದಕ್ಕೆ ಐದು. ನಾಯಿ ಉಳಿಸುವುದಕ್ಕೆ ಐದಕ್ಕೆ ಎರಡು. ಆ ಎರಡನ್ನು ನಾಲ್ಕು ಮಾಡುವುದು ಮನವಿ ಬರೆಯುವವರ ಕೈಯಲ್ಲಿದೆ.

ಬಳಸುವುದು ತುಂಬಾ ಸುಲಭ. ಹೆಸರು, ಇಮೇಲ್ ಕೊಟ್ಟರೆ ಸಾಕು. ದುಡ್ಡು ಕೊಡಬೇಕಾಗಿಲ್ಲ. ಮನವಿ ಶುರು ಮಾಡುವುದೂ ಉಚಿತ. ಕನ್ನಡದಲ್ಲೇ ಬರೆಯಬಹುದು. ಯಾರಿಗೆ ಮನವಿ, ಏನು ಬೇಕು, ಯಾಕೆ ಬೇಕು ಎಂದು ಬರೆದು, ಒಂದು ಫೋಟೋ ಹಾಕಿದರೆ ಆಯಿತು. ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಮಾಡಿಬಿಡಬಹುದು. ನಾಯಿಗೆ ಉಳಿದಿರುವುದು ಒಂದೋ ಎರಡೋ ದಿನ ಅಂದಾಗ ಈ ವೇಗ ಎಷ್ಟು ದೊಡ್ಡದು ಯೋಚಿಸಿ. ಮೊದಲೆಲ್ಲ ಕಾಗದ ಹಿಡಿದು ಮನೆ ಮನೆಗೆ ಹೋಗಬೇಕಿತ್ತು.

ಆದರೆ ವೇಗ ಒಂದೇ ಸಾಲದು. ಅದು ನನಗೆ ಎಕ್ಸ್‌ಕ್ಯಾಲಿಬರ್ ಎಂಬ ನಾಯಿಯ ವಿಷಯದಲ್ಲಿ ಅರ್ಥವಾಯಿತು.

2014ರ ಅಕ್ಟೋಬರ್. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ತೆರೇಸಾ ರೊಮೆರೊ ಎಂಬ ಶುಶ್ರೂಷಾ ಸಹಾಯಕಿಗೆ ಎಬೋಲಾ ತಗುಲಿತ್ತು. ಎಬೋಲಾ ಬಂದಿದ್ದ ರೋಗಿಯನ್ನು ನೋಡಿಕೊಳ್ಳುವಾಗ ಹತ್ತಿದ ಸೋಂಕು. ಗಂಡನನ್ನೂ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇಟ್ಟರು. ಮನೆಯಲ್ಲಿ ನಾಯಿ ಒಂದೇ ಉಳಿಯಿತು. ಹೋಗುವ ಮುಂಚೆ ಗಂಡ ಅದಕ್ಕೆ ಬೇಕಾದಷ್ಟು ತಿಂಡಿ ಇಟ್ಟು, ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಸಿ ಹೋಗಿದ್ದರು. ಆಮೇಲೆ ಆಸ್ಪತ್ರೆಯ ಒಳಗಿಂದಲೇ, ನನ್ನ ನಾಯಿಯನ್ನು ಕೊಲ್ಲಬೇಡಿ ಎಂದು ಲೋಕಕ್ಕೆಲ್ಲ ಕೇಳುವಂತೆ ಬೇಡಿಕೊಂಡರು. ಸೋಂಕಿನ ಭಯದಿಂದ ನಾಯಿಯನ್ನು ಕೊಲ್ಲಲು ತೀರ್ಮಾನಿಸಿದ್ದ ಮ್ಯಾಡ್ರಿಡ್ ಪ್ರಾಂತ್ಯದ ಸರ್ಕಾರ ನ್ಯಾಯಾಲಯದಿಂದ ಮನೆಯೊಳಗೆ ಹೋಗಲು ಅನುಮತಿ ತಂದಿತು.

ಈ ತಾಣದಲ್ಲಿ ಹಾಕಿದ ಮನವಿಗೆ ನೋಡ ನೋಡುತ್ತಲೇ ನಾಲ್ಕು ಲಕ್ಷದ ಹತ್ತಿರ ಸಹಿ ಬಿತ್ತು. ನಾನೂ ಹಾಕಿದೆ. ಅಕ್ಟೋಬರ್ 8ರಂದು ಅವರ ಮನೆಯ ಮುಂದೆ ಜನ ಸೇರಿದರು. ಪೊಲೀಸರ ಜೊತೆ ತಳ್ಳಾಟವೂ ಆಯಿತು. ಅದೇ ದಿನ ಎಕ್ಸ್‌ಕ್ಯಾಲಿಬರ್‌ನನ್ನು ಕೊಂದು, ದೇಹವನ್ನು ಸುಟ್ಟುಬಿಟ್ಟರು. ತೆರೇಸಾ ಗುಣವಾಗಿ ನವೆಂಬರ್‌ನಲ್ಲಿ ಮನೆಗೆ ಬಂದರು. ನಾಯಿ ಇರಲಿಲ್ಲ.

ಆ ನಾಯಿಗೆ ಸೋಂಕು ಇತ್ತಾ? ಕೊಲ್ಲುವ ಮುಂಚೆ ಪರೀಕ್ಷೆಯನ್ನೇ ಮಾಡಲಿಲ್ಲ. ನಾಯಿಯಿಂದ ಮನುಷ್ಯರಿಗೆ ಎಬೋಲಾ ಬಂದ ಒಂದೂ ದಾಖಲೆ ಆಗ ಇರಲಿಲ್ಲ. ಆಫ್ರಿಕಾದ ಗಬಾನ್‌ನಲ್ಲಿ 2001-02ರ ಎಬೋಲಾ ಹಾವಳಿಯ ನಂತರ ನಾಯಿಗಳ ರಕ್ತ ನೋಡಿದ್ದರು. ಕೆಲವದರಲ್ಲಿ ವೈರಸ್ ಒಳಗೆ ಹೋಗಿದ್ದ ಗುರುತು ಸಿಕ್ಕಿತ್ತು, ಆದರೆ ನಾಯಿಗಳು ಕಾಯಿಲೆ ಬಿದ್ದಿದ್ದು ಕಂಡಿರಲಿಲ್ಲ. ಹಾಗಾಗಿ ಅಧಿಕಾರಿಗಳ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ದಾರಿ ಇತ್ತು. ಇತ್ತು ಅಂತ ತೋರಿಸಿಕೊಟ್ಟಿದ್ದು ಅಮೆರಿಕದ ಡಲ್ಲಾಸ್ ನಗರ, ಅದೂ ಅದೇ ತಿಂಗಳಲ್ಲಿ.

ಅಲ್ಲಿ ನೀನಾ ಫಾಮ್ ಎಂಬ ನರ್ಸ್‌ಗೆ ಎಬೋಲಾ ಬಂತು. ಅವರ ಹತ್ತಿರ ಬೆಂಟ್ಲಿ ಎಂಬ ಪುಟ್ಟ ಸ್ಪ್ಯಾನಿಯಲ್ ಇತ್ತು. ನಾಯಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಅಲ್ಲಿನ ಆಡಳಿತ ಮೊದಲಿಗೇ ಮಾತು ಕೊಟ್ಟಿತು. ಬಳಕೆಯಲ್ಲಿಲ್ಲದ ಹಳೆಯ ನೌಕಾಪಡೆ ವಿಮಾನ ನೆಲೆಯೊಂದರಲ್ಲಿ ಬೆಂಟ್ಲಿಯನ್ನು ಇಟ್ಟರು. ನೋಡಿಕೊಳ್ಳುವವರು ಮೈತುಂಬ ರಕ್ಷಣಾ ಉಡುಪು ಹಾಕಿಕೊಂಡೇ ಊಟ ಕೊಟ್ಟರು, ಆಟ ಆಡಿಸಿದರು. ಪ್ರತ್ಯೇಕವಾಗಿ ಇಡುವ 21 ದಿನದ ಅವಧಿ ಮುಗಿಸಿ, ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಗೊತ್ತಾದ ಮೇಲೆ, ನವೆಂಬರ್ 1ರಂದು ಒಡತಿಯ ಕೈಗೆ ಕೊಟ್ಟರು.

ಒಂದೇ ಕಾಯಿಲೆ, ಒಂದೇ ತಿಂಗಳು. ಡಲ್ಲಾಸ್‌ನಲ್ಲಿ ನಾಯಿಯನ್ನು ಇಡಲು ಜಾಗ ಇತ್ತು, ಇಡುತ್ತೇವೆ ಎಂದು ಹೇಳುವ ಅಧಿಕಾರಿ ಇದ್ದರು. ಮ್ಯಾಡ್ರಿಡ್‌ನಲ್ಲಿ ಇದ್ದಿದ್ದು ನಮ್ಮ ನಾಲ್ಕು ಲಕ್ಷ ಹೆಸರು. ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು, ಎಷ್ಟು ದಿನ ಎಂಬುದಕ್ಕೆ ನಮ್ಮ ಸಹಿಯಲ್ಲಿ ಉತ್ತರ ಇರಲಿಲ್ಲ.

ಅಂದಿನಿಂದ ನಾನು ಯಾವ ಮನವಿ ಬಂದರೂ ಮೊದಲು ಹುಡುಕುವುದು ಈ ಎರಡು ವಿಷಯ. ಆದೇಶವನ್ನು ಬದಲಾಯಿಸುವ ಅಧಿಕಾರ ನಿಜವಾಗಿ ಯಾರಿಗಿದೆ? ಅವರಿಗೆ ಬೇರೆ ದಾರಿ ಏನಾದರೂ ತೋರಿಸಿದ್ದಾರಾ? 'ಈ ನಾಯಿಯನ್ನು ಉಳಿಸಿ, ಇದು ತುಂಬಾ ಒಳ್ಳೆಯದು' ಅಂತ ಮಾತ್ರ ಬರೆದಿದ್ದರೆ ಮನಸ್ಸು ಕರಗುತ್ತದೆ, ಕೆಲಸ ಆಗುವುದು ಕಷ್ಟ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಎರಡು ನಾಯಿಗಳ ಕಥೆ ಕೇಳಿ. ಎರಡನ್ನೂ ಹಿಡಿದಿದ್ದು ಅದೇ ನಗರಸಭೆ. ಅಲ್ಲಿನ ಕಾನೂನಿನ ಪ್ರಕಾರ ಪಿಟ್ ಬುಲ್ ಥರದ ನಾಯಿ ಸಾಕುವಂತಿಲ್ಲ. ತಂದೆ ತಾಯಿ ಯಾವ ತಳಿ ಎನ್ನುವುದಕ್ಕಿಂತ ನೋಡಲು ಹೇಗಿದೆ, ಅಳತೆ ಎಷ್ಟಿದೆ ಎನ್ನುವುದೇ ಮುಖ್ಯ. ಲೆನಾಕ್ಸ್ ಎಂಬ ನಾಯಿಯನ್ನು 2010ರ ಮೇ ತಿಂಗಳಲ್ಲಿ ಮನೆಯಿಂದ ಹಿಡಿದುಕೊಂಡು ಹೋದರು. ಯಾರನ್ನೂ ಕಚ್ಚಿರಲಿಲ್ಲ. ಇದು ಬುಲ್‌ಡಾಗ್, ಲ್ಯಾಬ್ರಡಾರ್ ಮಿಶ್ರತಳಿ ಎಂದು ಮನೆಯವರು ಹೇಳಿದರು. ನಗರಸಭೆ ಕರೆಸಿದ ತಜ್ಞರು ನಾಯಿ ಅಪಾಯಕಾರಿ ಎಂದರು, ಮನೆಯವರ ಕಡೆ ತಜ್ಞರು ಅಲ್ಲ ಎಂದರು. ಎರಡು ವರ್ಷ ಕೋರ್ಟಿನಿಂದ ಕೋರ್ಟಿಗೆ ಹೋಯಿತು. ಸುಮಾರು ಎರಡು ಲಕ್ಷ ಜನ ಆನ್‌ಲೈನ್‌ನಲ್ಲಿ ಸಹಿ ಹಾಕಿದರು. ಟಿವಿಯಲ್ಲಿ ಹೆಸರಾದ ನಾಯಿ ತರಬೇತುಗಾರ್ತಿ ವಿಕ್ಟೋರಿಯಾ ಸ್ಟಿಲ್‌ವೆಲ್, ಖರ್ಚು ಕೊಟ್ಟು ಅಮೆರಿಕಕ್ಕೆ ಕರೆಸಿಕೊಳ್ಳುವ ವ್ಯವಸ್ಥೆಗೂ ಮುಂದೆ ಬಂದರು. ಇಷ್ಟು ಹೊತ್ತಿಗೆ ಎಲ್ಲ ಕೋರ್ಟುಗಳೂ ಕೊಲ್ಲುವ ಆದೇಶವನ್ನು ಎತ್ತಿಹಿಡಿದಿದ್ದವು. 2012ರ ಜುಲೈ 11ರಂದು ಲೆನಾಕ್ಸ್‌ನನ್ನು ಕೊಂದರು.

ಈ ಕಥೆ ಓದಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡು ವರ್ಷ ಆ ಜೀವ ಒಂಟಿಯಾಗಿ ಗೂಡಿನಲ್ಲಿ ಇತ್ತು. ಕೊನೆಗೆ ಸಿಕ್ಕಿದ್ದು ಅದು.

2016ರಲ್ಲಿ ಅದೇ ಊರಿನಲ್ಲಿ ಹ್ಯಾಂಕ್ ಎಂಬ ನಾಯಿಯನ್ನು ಹಿಡಿದರು. ಈ ಸಲ ಜನ ಇನ್ನೂ ಬೇಗ ಎದ್ದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಂತು. ವಕೀಲರ ಖರ್ಚಿಗೆ ಜನರೇ ದುಡ್ಡು ಹಾಕಿದರು. ತಜ್ಞರು ನೋಡಿ, ಇದು ಪಿಟ್ ಬುಲ್ ಥರದ್ದೇ, ಆದರೆ ಸ್ವಭಾವ ನೋಡಿದರೆ ವಿನಾಯಿತಿ ಕೊಡಬಹುದು ಎಂದರು. ಬಾಯಿಕುಕ್ಕೆ, ಹಗ್ಗ, ಸಂತಾನಹರಣ ಶಸ್ತ್ರಚಿಕಿತ್ಸೆ ಇಂಥ ಷರತ್ತುಗಳ ಮೇಲೆ ಕೆಲವೇ ವಾರದಲ್ಲಿ ಹ್ಯಾಂಕ್ ಮನೆಗೆ ಹೋಯಿತು.

ಇಲ್ಲಿ ಸಹಿಗಳು ಏನೂ ಮಾಡಲಿಲ್ಲ ಅಂತಲ್ಲ. ಇಡೀ ಊರು ನೋಡುತ್ತಿದೆ ಎಂಬ ಒತ್ತಡ ತಂದವು, ವಕೀಲರಿಗೆ ದುಡ್ಡು ಹುಟ್ಟಿಸಿದವು. ಆದರೆ ಬಾಗಿಲು ತೆಗೆದದ್ದು ವಿನಾಯಿತಿ ಎಂಬ ಕಾನೂನಿನ ದಾರಿ, ಮತ್ತು ನಾಯಿಯ ಸ್ವಭಾವದ ಬಗ್ಗೆ ತಜ್ಞರು ಬರೆದ ಮಾತು.

ಇಂಟರ್ನೆಟ್ ಮನೆಮನೆಗೆ ಬರುವ ಮುಂಚೆಯೂ ಇದು ಹೀಗೇ ಇತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಟಾರೊ ಎಂಬ ಅಕೀಟಾ ನಾಯಿ, ಮನೆಗೆ ಬಂದ ನೆಂಟರ ಹುಡುಗಿಯ ತುಟಿಗೆ ಗಾಯ ಮಾಡಿತೆಂದು ಸಾಯಿಸಲು ಆದೇಶವಾಯಿತು. ಸುಮಾರು ಮೂರು ವರ್ಷ ಅದು ಬಂಧನದಲ್ಲೇ ಇತ್ತು. ಪತ್ರಗಳು ಬಂದವು, ಪೇಪರಿನಲ್ಲಿ ಬಂತು, ಕೋರ್ಟುಗಳು ಒಪ್ಪಲಿಲ್ಲ. 1994ರ ಜನವರಿಯಲ್ಲಿ ಕ್ರಿಸ್ಟೀನ್ ಟಾಡ್ ವಿಟ್‌ಮನ್ ಗವರ್ನರ್ ಆದರು. ಅದೇ ತಿಂಗಳು ತಮ್ಮ ಅಧಿಕಾರ ಬಳಸಿ ನಾಯಿಯನ್ನು ಬಿಡಿಸಿದರು. ಮುಖ್ಯ ಷರತ್ತು: ಟಾರೊ ಮತ್ತೆ ನ್ಯೂಜೆರ್ಸಿಯಲ್ಲಿ ಇರಬಾರದು. ಊರು ಬಿಟ್ಟರೂ ಜೀವ ಉಳಿಯಿತಲ್ಲ.

ಈಗ ತಾಣದಲ್ಲಿ ನನಗೆ ಹಿಡಿಸದ ವಿಷಯಗಳು. ಸಹಿ ಹಾಕಿದ ತಕ್ಷಣ ದುಡ್ಡು ಕೊಡುತ್ತೀರಾ ಎಂಬ ಪುಟ ಬರುತ್ತದೆ. ನಾಯಿಯ ಮುಖ ನೋಡಿ ಕಣ್ಣು ತುಂಬಿರುವ ಹೊತ್ತಲ್ಲಿ ಕೈ ತಾನಾಗೇ ಜೇಬಿಗೆ ಹೋಗುತ್ತದೆ. ಆ ದುಡ್ಡು ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸಲು ಹೋಗುತ್ತದೆ. ನಾಯಿಯ ಮನೆಯವರಿಗಾಗಲಿ, ಅವರ ವಕೀಲರಿಗಾಗಲಿ ಹೋಗುವುದಿಲ್ಲ. ತಾಣದವರು ಇದನ್ನು ಮುಚ್ಚಿಟ್ಟಿಲ್ಲ, ಆದರೆ ಆ ಗಡಿಬಿಡಿಯಲ್ಲಿ ಯಾರು ಓದುತ್ತಾರೆ ಹೇಳಿ? ನಿಮಗೆ ದುಡ್ಡು ಕೊಡಬೇಕು ಅನ್ನಿಸಿದರೆ ಮನೆಯವರು ಕಾನೂನು ಖರ್ಚಿಗೆ ಬೇರೆ ಖಾತೆ ತೆರೆದಿದ್ದಾರಾ ನೋಡಿ, ಅದಕ್ಕೆ ಕೊಡಿ. ನಿಮ್ಮ ಹೆಸರು ಎಲ್ಲರಿಗೂ ಕಾಣಬಾರದು ಅಂದರೆ ಸಹಿ ಹಾಕುವಾಗಲೇ ಹೆಸರು ತೋರಿಸಿ ಎಂಬ ಆಯ್ಕೆಯ ಗುರುತು ತೆಗೆಯಿರಿ.

ಇನ್ನೊಂದು ಮಾತು, ಇದು ತಾಣದ ತಪ್ಪಲ್ಲ, ನಮ್ಮದು. ಕಾಮೆಂಟುಗಳಲ್ಲಿ ಅಧಿಕಾರಿಗಳನ್ನು ಬೈಯುವುದು, ಶಾಪ ಹಾಕುವುದು. ಲೆನಾಕ್ಸ್ ವಿಷಯದಲ್ಲಿ ನಗರಸಭೆಯ ಸಿಬ್ಬಂದಿಗೆ ಬೆದರಿಕೆಗಳೇ ಬಂದವು. ಸಿಟ್ಟು ಬರುವುದು ಸಹಜ, ನನಗೂ ಬಂದಿತ್ತು. ಆದರೆ ಬೆದರಿಕೆ ಹೋದ ಮೇಲೆ ಯಾವ ಅಧಿಕಾರಿ ತಾನೇ ಮನಸ್ಸು ಬದಲಿಸುತ್ತಾನೆ? ಬಗ್ಗಿದೆ ಅನ್ನಿಸಿಕೊಳ್ಳಲು ಯಾವ ಕಚೇರಿಗೂ ಇಷ್ಟವಿಲ್ಲ. ಇನ್ನು, ನಾಯಿ ನಿಜವಾಗಿ ಕಚ್ಚಿದ್ದರೆ ಗಾಯಗೊಂಡವರೂ ಅದೇ ಕಾಮೆಂಟು ಓದುತ್ತಾರೆ ಅಲ್ವಾ? ಅವರ ನೋವನ್ನು ಒಂದು ಸಾಲಿನಲ್ಲಾದರೂ ಒಪ್ಪಿಕೊಂಡ ಮನವಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನಮ್ಮಲ್ಲಿ ಈ ಸೇವೆ ಎಷ್ಟು ಉಪಯೋಗ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಾಯಿಗಳನ್ನು ಸಾಕಬಾರದು, ಮಾರಬಾರದು ಎಂದು ಸುತ್ತೋಲೆ ಹೊರಡಿಸಿತ್ತು. ಆಗಲೇ ಮನೆಯಲ್ಲಿ ಇದ್ದವಕ್ಕೆ ಸಂತಾನಹರಣ ಮಾಡಿಸಬೇಕು ಎಂದಿತ್ತು. ಕೊಲ್ಲಿ ಅಂತ ಅದರಲ್ಲಿ ಇರಲಿಲ್ಲ. ಆದರೂ ಪಟ್ಟಿಯಲ್ಲಿ ರಾಟ್‌ವೀಲರ್ ಹೆಸರು ನೋಡಿ ನಾನು ರಾತ್ರಿ ನಿದ್ದೆ ಮಾಡಲಿಲ್ಲ. ನಮ್ಮ ಭೀಮ ರಾಟ್‌ವೀಲರ್. ಪಕ್ಕದ ಮನೆಯ ಅಜ್ಜಿ ಕೊಡುವ ಚಪಾತಿಗೆ ದಿನಾ ಗೇಟಿನ ಹತ್ತಿರ ಕಾಯುವವನು. ಆ ಸುತ್ತೋಲೆ ಬಿದ್ದಿದ್ದು ಸಹಿಗಳಿಂದ ಅಲ್ಲ. ಕೆಲವರು ಕರ್ನಾಟಕ ಹೈಕೋರ್ಟಿಗೆ ಹೋದರು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೀಗೆ ಮಾಡಲಾಗದು ಎಂದು ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಆ ಅರ್ಜಿ ಹಾಕಿದವರಿಗೆ ನಾನು ಇಂದಿಗೂ ಋಣಿ.

ಹಾಗಂತ ಸಹಿ ಹಾಕುವುದು ಬಿಡಿ ಅನ್ನುತ್ತಿಲ್ಲ. ಬೇರೆ ದೇಶದ ನಗರಸಭೆಗೆ ಮೈಸೂರಿನ ಸಹಿ ಒಂದು ಓಟಲ್ಲ, ನಿಜ. ಆದರೆ ಅಲ್ಲಿನ ಪತ್ರಿಕೆಯವರು ಲೆಕ್ಕ ನೋಡುತ್ತಾರೆ, ಸುದ್ದಿ ಮಾಡುತ್ತಾರೆ. ಮನೆಯವರಿಗೆ ನಾವು ಒಂಟಿಯಲ್ಲ ಎಂಬ ಧೈರ್ಯ ಬರುತ್ತದೆ.

ನೀವೇ ಮನವಿ ಶುರು ಮಾಡಬೇಕಾಗಿ ಬಂದರೆ ಮೊದಲ ಪ್ಯಾರಾದಲ್ಲೇ ಆದೇಶ ಕೊಟ್ಟವರು ಯಾರು, ಯಾವ ಕಾನೂನಿನಲ್ಲಿ ಕೊಟ್ಟರು, ಮೇಲ್ಮನವಿಗೆ ಕೊನೆಯ ದಿನ ಯಾವುದು ಎಂದು ಬರೆಯಿರಿ. ನಾಯಿಯನ್ನು ಎಲ್ಲಿ ಇಡುತ್ತೀರಿ, ಬಾಯಿಕುಕ್ಕೆ ಹಾಕುತ್ತೀರಾ, ಬೇಲಿ ಎತ್ತರಿಸುತ್ತೀರಾ, ಬೇರೆ ಊರಿನಲ್ಲಿ ಯಾರಾದರೂ ಕರೆದುಕೊಳ್ಳುತ್ತಾರಾ, ಅದನ್ನೂ ಬರೆಯಿರಿ. ಲಿಂಕ್ ಹಂಚುವ ಮುಂಚೆ ವಕೀಲರಿಗೆ ಫೋನ್ ಮಾಡಿ. ಅದಕ್ಕೂ ಮುಂಚೆ ಈಗಲೇ ಮಾಡಬಹುದಾದ ಕೆಲಸ ಒಂದಿದೆ. ರೇಬೀಸ್ ಲಸಿಕೆಯ ಕಾರ್ಡು, ಪಾಲಿಕೆಯ ಪರವಾನಗಿ, ಸಂತಾನಹರಣದ ಚೀಟಿ, ಸ್ವಭಾವದ ಬಗ್ಗೆ ಪಶುವೈದ್ಯರಿಂದ ಬರೆಸಿದ ಒಂದು ಪತ್ರ, ಇವನ್ನೆಲ್ಲ ಒಂದೇ ಫೈಲಿನಲ್ಲಿ ಹಾಕಿಡಿ. ಭೀಮನ ಫೈಲು ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನ ಪಕ್ಕದಲ್ಲೇ ಇದೆ. ಡಾಕ್ಟರ ಪತ್ರವನ್ನು ವರ್ಷಕ್ಕೊಮ್ಮೆ, ಲಸಿಕೆಗೆ ಹೋದಾಗ ಹೊಸದಾಗಿ ಬರೆಸಿಕೊಂಡು ಬರುತ್ತೇನೆ.