ಫಿಯೆಟ್ ತಗಡಿಗೆ ಯಾವ ವೆಲ್ಡಿಂಗ್ ಮೆಷಿನ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು, ವೈರನ್ನು ತಾನೇ ತಳ್ಳಿ ಕರಗಿಸಿ ಬೆಸೆಯುವ, ಗ್ಯಾಸ್ ಹಾಕಿ ಓಡಿಸುವ ಮಿಗ್ ಮೆಷಿನ್‌ಗೆ. ಅಲ್ಲಿಗೆ ಬಂದು ಮುಟ್ಟುವ ಮುಂಚೆ 7,000 ರೂಪಾಯಿ ಕೊಟ್ಟು ಬೇರೆಯದೊಂದು ತಂದು ಪೆಚ್ಚಾಗಿದ್ದೆ.

ಕಾರು ಅಪ್ಪನದು, 1985ರ ಪ್ರೀಮಿಯರ್ ಪದ್ಮಿನಿ. ಊರಲ್ಲಿ ಎಲ್ಲರಿಗೂ ಅದು ಫಿಯೆಟ್ಟೇ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಳೇ ಕೊಟ್ಟಿಗೆಯಲ್ಲಿ 11 ಮಳೆಗಾಲ ಕಳೆದಿತ್ತು. ಇಂಜಿನ್ ಅಷ್ಟೇನೂ ತಂಟೆ ಮಾಡಲಿಲ್ಲ. ಆದರೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ಕೊಟ್ಟಿಗೆಯ ನೆಲ ಕಾಣುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಜೀಪಿಗಾದರೆ ಕೆಳಗೆ ಭಾರ ಹೊರುವ ಬೇರೆ ಚಾಸಿ ಇರುತ್ತದೆ. ಇದಕ್ಕೆ ಬಾಡಿಯೇ ಚಾಸಿ. ಹಾಗಾಗಿ ರಿವೆಟ್ ಹೊಡೆದು ಪುಟ್ಟಿ ಮೆತ್ತಿ ಮುಗಿಸುವ ಹಾಗಿರಲಿಲ್ಲ.

ಮೊದಲು ತಂದದ್ದು ಇನ್ವರ್ಟರ್ ಆರ್ಕ್ ಮೆಷಿನ್, ಕಡ್ಡಿ ಹಿಡಿದು ಬೆಸೆಯುವಂಥದ್ದು. 200 ಆಂಪ್, ಏನು ಬೇಕಾದರೂ ಹಿಡಿಯುತ್ತದೆ ಅಂದರು ಅಂಗಡಿಯವರು. ನನಗೆ ಬೇಕಿದ್ದದ್ದು 200 ಅಲ್ಲ, 30-40 ಆಂಪಿನ ಕೆಲಸ. ತಗಡು 20 ಗೇಜು, ಅಂದರೆ ಸುಮಾರು 0.9 ಮಿಮೀ. ಗೇಟು, ಗ್ರಿಲ್ಲಿಗೆ ಹಾಕುವ 10 ನಂಬರ್ ಕಡ್ಡಿ ಬಿಟ್ಟು 2 ಮಿಮೀ ಇರುವ 14 ನಂಬರ್ ಕಡ್ಡಿಯನ್ನೇ ಹಿಡಿದೆ. ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ, ಇಲ್ಲಾ ತೂತು ಬೀಳುತ್ತದೆ. ಒಂದು ತೂತು ಮುಚ್ಚಲು ಹೋಗಿ ಮೂರಾಯಿತು. ಟಿಂಕರಿಂಗ್ ಮೇಸ್ತ್ರಿ ಬಂದು ನೋಡಿ ನಕ್ಕರು. “ಇದು ಗೇಟಿನ ಮೆಷಿನ್ ಮಾರಾಯ್ರೇ, ಇದರಲ್ಲಿ ತಗಡು ಹೊಲಿಯಕ್ಕಾಗುತ್ತಾ?” ಈಗ ಅದು ನಾಯಿಗೂಡು, ಬೇಲಿ ಗೇಟು ಮಾಡಿಕೊಂಡು ಸುಖವಾಗಿದೆ. ಜೀಪಿನ ಚಾಸಿ ಮಾಡುವವರಿಗೆ ಅದೇ ಸಾಕು.

ಮೇಸ್ತ್ರಿಯ ಕೈಯಲ್ಲಿ ಇರುವುದು ಗ್ಯಾಸ್ ಉರಿಸಿ ಬೆಂಕಿಯಲ್ಲೇ ಬೆಸೆಯುವ ಗ್ಯಾಸ್ ವೆಲ್ಡಿಂಗ್, ಹಿತ್ತಾಳೆ ಕಡ್ಡಿ. ಅವರ ಕೈಗೆ ನಮಸ್ಕಾರ. ಆದರೆ ಬೆಂಕಿಯ ಕಾವು ಹತ್ತಿರದ ತಗಡಿಗೆಲ್ಲಾ ಹರಡಿ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ. ಅದನ್ನು ಬಡಿದು ಸರಿ ಮಾಡುವ ವಿದ್ಯೆ ಅವರಿಗಿದೆ, ನನಗಿಲ್ಲ.

ಟಿಗ್ ಅನ್ನು, ಅಂದರೆ ಕರಗದ ಮೊನೆಯಿಂದ ಕಾವು ಕೊಟ್ಟು ಕಡ್ಡಿಯನ್ನು ಬೇರೆಯಾಗಿ ಹಾಕುವ ಮೆಷಿನನ್ನು, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗೆಳೆಯನ ಶೆಡ್ಡಿನಲ್ಲಿ ಎರಡು ಭಾನುವಾರ ಹಿಡಿದು ನೋಡಿದೆ. ಬೆಸುಗೆ ಅಂದರೆ ಅದು, ಕಣ್ಣಿಗೆ ಹಬ್ಬ. ಆದರೆ ಒಂದು ಕೈಯಲ್ಲಿ ಟಾರ್ಚು (ಬೆಸೆಯುವ ಹಿಡಿ), ಇನ್ನೊಂದರಲ್ಲಿ ಕಡ್ಡಿ, ತಗಡು ಕನ್ನಡಿಯ ಹಾಗೆ ಹೊಳೆಯಬೇಕು, ಸಂದು ಕೂದಲೆಳೆಯಷ್ಟೂ ಇರಬಾರದು. ಕಾರಿನ ಅಡಿಗೆ ಅಂಗಾತ ಮಲಗಿ, ತುಕ್ಕು, ಡಾಂಬರು ಬಣ್ಣದ ನಡುವೆ ಇದೆಲ್ಲ ಎಲ್ಲಿಂದ ಬರಬೇಕು?

ಕೊನೆಗೆ ತಂದದ್ದು ಸಿಂಗಲ್ ಫೇಸ್ ಮಿಗ್. ರೆಗ್ಯುಲೇಟರ್, ಹೋಸು ಎಲ್ಲಾ ಸೇರಿ 23,000 ಆಯಿತು. ಇದರಲ್ಲಿ ಎರಡು ದಾರಿ. ಗ್ಯಾಸ್ ಇಟ್ಟು ಸಾದಾ ವೈರ್ ಓಡಿಸಬಹುದು, ಇಲ್ಲವೇ ಒಳಗೆ ಪುಡಿ ತುಂಬಿದ ವೈರ್ ಹಾಕಿ ಗ್ಯಾಸ್ ಇಲ್ಲದೆ ಓಡಿಸಬಹುದು. ಸಿಲಿಂಡರ್ ತುಂಬಿಸಲು ಶಿವಮೊಗ್ಗಕ್ಕೆ 60 ಕಿಮೀ ಯಾರು ಹೋಗುತ್ತಾರೆ ಅಂತ ಪುಡಿ ವೈರಿನಿಂದಲೇ ಶುರು ಮಾಡಿದೆ. ಮೊದಲ ವಾರ ಬರೀ ಕಿಡಿ, ಬರೀ ಹನಿ. ಆಮೇಲೆ ಗೊತ್ತಾಯಿತು, ಈ ವೈರಿಗೆ ಟಾರ್ಚನ್ನು ಮೈನಸ್ಸಿಗೆ ಕೊಡಬೇಕು, ಗ್ಯಾಸ್ ವೈರಿಗೆ ಪ್ಲಸ್ಸಿಗೆ. ಬದಲಿಸಿದ ಮೇಲೆ ಪರವಾಗಿಲ್ಲ ಅನ್ನುವಷ್ಟಾಯಿತು.

ಅಷ್ಟರಲ್ಲಿ ಆಷಾಢ ಹಿಡಿಯಿತು. ನಿಜವಾದ ಕಿರಿಕಿರಿ ಇಲ್ಲಿಂದ.

ವೈರ್ ತಡೆದು ತಡೆದು ಬರತೊಡಗಿತು. ಒಂದು ಚುಕ್ಕಿ ಚೆನ್ನಾಗಿ ಕೂರುತ್ತದೆ, ಮುಂದಿನದಕ್ಕೆ ವೈರ್ ನಿಂತು ಟಾರ್ಚಿನ ಬಾಯಿಯ ಟಿಪ್ಪಿಗೇ ಕರಗಿ ಅಂಟುತ್ತದೆ. ಮುಂದೆ ದಾರಿ ಇಲ್ಲ, ಆದರೆ ಒಳಗಿನ ರೋಲರ್ ಮಾತ್ರ ತಳ್ಳುತ್ತಲೇ ಇರುತ್ತದೆ. ಮುಚ್ಚಳ ತೆಗೆದರೆ ಒಳಗೆ ಗೀಜಗನ ಗೂಡು! ಅದನ್ನು ಕತ್ತರಿಸಿ, ಟಿಪ್ ಬದಲಿಸಿ, ವೈರನ್ನು ಮತ್ತೆ ಮೂರು ಮೀಟರ್ ಪೋಣಿಸಿ, ಕಾರಿನ ಅಡಿಗೆ ತೂರುವಷ್ಟರಲ್ಲಿ ಕಾಫಿ ಆರಿರುತ್ತದೆ. ಒಂದು ಬೆಳಗ್ಗೆ ಆರು ಸಲ ಹೀಗಾಯಿತು.

ಅಂಗಡಿಗೆ ಫೋನ್ ಮಾಡಿದೆ. ವೋಲ್ಟೇಜ್ ಕಮ್ಮಿ ಇರಬೇಕು ಅಂದರು. ಸ್ಟೆಬಿಲೈಸರ್ ತಂದೆ. ಅದೇ ಕಥೆ. ರೋಲರ್ ಬಿಗಿ ಮಾಡಿದೆ. ಪುಡಿ ವೈರ್ ಟೊಳ್ಳಲ್ವಾ, ಚಪ್ಪಟೆಯಾಗಿ ಇನ್ನೂ ಕೆಟ್ಟಿತು. ಸಿಟ್ಟಿನಲ್ಲಿ ಟಾರ್ಚಿನ ಲೈನರ್, ಅಂದರೆ ವೈರ್ ಹಾದುಬರುವ ಒಳಗಿನ ಕೊಳವೆ, ಬಿಚ್ಚಿ ನೆಲಕ್ಕೆ ಕುಟ್ಟಿದೆ. ಕಂದು ಪುಡಿ ಉದುರಿತು. ತುಕ್ಕು! ಕೊಟ್ಟಿಗೆಯ ಥಂಡಿಗೆ ವೈರಿಗೇ ತುಕ್ಕು ಹಿಡಿದಿತ್ತು. ತುಕ್ಕು ತೆಗೆಯಲು ತಂದದ್ದಕ್ಕೇ ತುಕ್ಕು.

ಗ್ಯಾಸಿಗೆ ಬದಲಾದದ್ದು ಆವತ್ತೇ. ಸಾದಾ ವೈರಿನ ಮೇಲೆ ತಾಮ್ರದ ತೆಳು ಲೇಪ ಇರುತ್ತದೆ, ತುಕ್ಕು ನಿಧಾನ. ಒಳಗೆ ಥಂಡಿ ಕುಡಿಯುವ ಪುಡಿಯೂ ಇಲ್ಲ. ಹಾಗಂತ ಮೆಷಿನ್ನಲ್ಲೇ ಬಿಟ್ಟರೆ ಅದಕ್ಕೂ ಬರುತ್ತದೆ. ಈಗ 5 ಕೆಜಿ ರೀಲು ತರುವುದಿಲ್ಲ, 1 ಕೆಜಿದೇ ಸಾಕು. ಸಂಜೆ ಬಿಚ್ಚಿ ಬಿಗಿ ಡಬ್ಬಿಗೆ ಹಾಕಿ ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಇಡುತ್ತೇನೆ. ಹೆಂಡತಿ ಒಮ್ಮೆ ಅದನ್ನು ಸೀಗೆಪುಡಿ ಡಬ್ಬಿ ಅಂತ ತೆಗೆದಿದ್ದಳು.

ಗ್ಯಾಸಿಗೂ ತಕರಾರುಗಳಿವೆ. ಗಾಳಿ ಬೀಸಿದರೆ ಬೆಸುಗೆಯನ್ನು ಕಾಯುವ ಗ್ಯಾಸ್ ಹಾರಿಹೋಗಿ ಬೆಸುಗೆ ನೀರುದೋಸೆಯ ಹಾಗೆ ತೂತು ತೂತು. ಕೊಟ್ಟಿಗೆಗೆ ಮೂರು ಕಡೆ ಟಾರ್ಪಾಲ್ ಕಟ್ಟಿದ್ದೇನೆ. ಬೆಂಗಳೂರಿನ ಕಡೆಯವರು ಆರ್ಗಾನ್ ಬೆರೆಸಿದ ಗ್ಯಾಸ್ ಹಾಕಿ ಅನ್ನುತ್ತಾರೆ, ಕಿಡಿ ಕಮ್ಮಿಯಂತೆ. ನನಗೆ ಬರೀ ಕಾರ್ಬನ್ ಡೈಆಕ್ಸೈಡೇ ಸಾಕು, ಅಗ್ಗ. ಒಂದೇ ಎಳೆತಕ್ಕೆ ಉದ್ದ ಬೆಸುಗೆ ಹಾಕುವುದಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಒಂದು ಎಲೆಯಡಿಕೆ. ತಗಡು ಸೊಟ್ಟಗಾಗುವುದಿಲ್ಲ.

ಹೊಸ ತಗಡಿಗೆ ಸತು ಲೇಪಿಸಿದ ಜಿಐ ಶೀಟ್ ಬೇಡ, ಲೇಪವಿಲ್ಲದ ಸಿಆರ್ ಶೀಟ್ ತನ್ನಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ಶುರು ಮಾಡಿ.

ಪೇಟೆಯಲ್ಲಿದ್ದು, ಒಣ ಶೆಡ್ ಇದ್ದು, ತಾಳ್ಮೆ ಜಾಸ್ತಿ ಇರುವವರು ಟಿಗ್ ತಗೊಳ್ಳಲಿ. ನಾನು ಅಡಿಕೆ ಕೆಲಸದ ನಡುವೆ ವಾರಕ್ಕೆ ಎರಡು ಸಂಜೆ ಕೂರುವವನು, ಟಾರ್ಚ್ ಹಿಡಿದ ತಕ್ಷಣ ಕೆಲಸ ನಡೆಯಬೇಕು. ಎಡಗಡೆ ಪಟ್ಟಿ ಮುಗಿದಿದೆ. ಬಲಗಡೆಯದಕ್ಕೆ ಸಿಲಿಂಡರ್ ಖಾಲಿ. ಸೋಮವಾರ ಪಕ್ಕದ ಮನೆಯವರ ಪಿಕಪ್ ಶಿವಮೊಗ್ಗಕ್ಕೆ ಹೊರಡುತ್ತದೆ, ಈಗಲೇ ಹೇಳಿಟ್ಟಿದ್ದೇನೆ.